ಎಷ್ಟು ಕೀಲಿ ಬೇಕು?

ಶೈಲಾ ಆ ಹಾಡನ್ನು ಒಂಬತ್ತನೇ ಸಲ ಹಾಕಿದಾಗ ಪಕ್ಕದ ಮನೆಯವರು ಗೋಡೆ ಬಡಿದರು. ಅವಳು ಅದನ್ನೂ ತಾಳ ಅಂದುಕೊಂಡು ವಾಲ್ಯೂಮ್ ಇನ್ನೂ ಸ್ವಲ್ಪ ಜಾಸ್ತಿ ಮಾಡಿದಳು.

ನಾವು ಮೂವರು ಅವಳನ್ನು ಸಮಾಧಾನ ಮಾಡಲು ಹೋಗಿದ್ದೆವು. ಮೂರು ವರ್ಷ ಜೊತೆಗಿದ್ದ ಹುಡುಗ ಮೂರು ವಾರದ ಹಿಂದೆ ಬಿಟ್ಟು ಹೋಗಿದ್ದ. ಹೋಗುವಾಗ ಅವಳ ಫೋನ್ ಚಾರ್ಜರನ್ನೂ ಎತ್ತಿಕೊಂಡು ಹೋಗಿದ್ದ. ಯಾವುದರ ದುಃಖ ಜಾಸ್ತಿ ಅಂತ ನಮಗೆ ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ. ರಘು ಸೊಂಟಕ್ಕೆ ಅಗಲದ ಬೆಲ್ಟ್ ಬಿಗಿದುಕೊಂಡು, ಉತ್ಸವಮೂರ್ತಿಯ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ತುಂಬಿದ ಬಕೆಟ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ಗುರು ಲೆಕ್ಕದವನು. ಕೆಲಸವೂ ಅದೇ, ಸ್ವಭಾವವೂ ಅದೇ.

"ಇದು ಯಾವ ಹಾಡು ಮಾರಾಯ್ತಿ?" ಅಂದ ಗುರು. "ಬೆಳಗಿನಿಂದ ಒಂದೇ ಸಮ ಬಡ್ಕೋತಿದೆ."

"ಗ್ಲೋರಿಯಾ ಗೇನರ್. 'ಐ ವಿಲ್ ಸರ್ವೈವ್'. ನಿನಗೆ ಅರ್ಥ ಆಗಲ್ಲ ಬಿಡು. ಇದು ಹೆಣ್ಣಿನ ಒಳಗಿಂದ ಬಂದ ಹಾಡು" ಅಂದಳು ಶೈಲಾ.

"ಒಳಗಿಂದ ಬರೋ ಹಾಡುಗಳ ಲೆಕ್ಕ ನನಗೂ ಗೊತ್ತು. 2013ರಲ್ಲಿ ಕೇಟಿ ಪೆರಿದು 'ರೋರ್' ಅಂತ ಬಂತಲ್ಲ? ನಾನು ಹುಲಿ, ನಾನು ಗರ್ಜಿಸ್ತೀನಿ, ನನಗೆ ಯಾರ ಹಂಗೂ ಇಲ್ಲ ಅಂತ. ಬರೆದವರು ಎಷ್ಟು ಜನ ಹೇಳು? ಐದು! ಇಂಗ್ಲಿಷಲ್ಲಿ ಆ ಹೆಸರಿಗೆ ಇರೋದೇ ನಾಲ್ಕು ಅಕ್ಷರ. ತಲೆಗೊಂದು ಅಕ್ಷರ ಕೂಡ ಬರಲ್ಲ."

ಈ ವಿಷಯದಲ್ಲಿ ನನ್ನ ನಾಲಿಗೆ ಸುಮ್ನೆ ಇರುವುದಿಲ್ಲ. "ಇದನ್ನ ಬರೆದವರು ಇಬ್ಬರೇ" ಅಂದೆ.

"ನೋಡಿದೆಯಾ?" ಅಂದಳು ಶೈಲಾ, ಗುರುವಿನ ಕಡೆ ತಿರುಗಿ.

"ಇಬ್ಬರೂ ಗಂಡಸರು."

ಶೈಲಾ ಹಾಡು ನಿಲ್ಲಿಸಿದಳು. ಪಕ್ಕದ ಮನೆಯಿಂದ ನೆಮ್ಮದಿಯ ಉಸಿರು ಕೇಳಿಸಿದ ಹಾಗಾಯಿತು. "ಸುಳ್ಳು" ಅಂದಳು.

ಸುಳ್ಳಲ್ಲ. ಡಿನೋ ಫೆಕಾರಿಸ್ ಮತ್ತು ಫ್ರೆಡ್ಡಿ ಪೆರೆನ್. ಪೆರೆನ್ ಅಂದರೆ ಜಾಕ್ಸನ್ 5 ಎಂಬ ಹಾಡುಗಾರ ಅಣ್ಣತಮ್ಮಂದಿರ ಮೊದಮೊದಲ ಹಿಟ್ ಹಾಡುಗಳಲ್ಲಿ ಕೈ ಇದ್ದವನು. ಫೆಕಾರಿಸ್ ಮೋಟೌನ್ ಎಂಬ ದೊಡ್ಡ ಕಂಪನಿಯಲ್ಲಿ ಸಂಬಳದ ಮೇಲೆ ಹಾಡು ಬರೆಯುತ್ತಿದ್ದ. ಸುಮಾರು ಏಳು ವರ್ಷ ದುಡಿಸಿಕೊಂಡು, ಒಂದು ದಿನ ಮನೆಗೆ ಹೋಗು ಅಂದರು. ಅವನು ಹೇಳಿಕೊಂಡ ಪ್ರಕಾರ, ಕೆಲಸ ಹೋದ ಮೇಲೆ ಕೋಣೆಯಲ್ಲಿ ಕೂತು ಟಿವಿ ಹಾಕಿದ. ಅದರಲ್ಲಿ ಅವನೇ ಬರೆದ ಹಾಡು ಬರುತ್ತಿತ್ತು! ಹಾಸಿಗೆ ಮೇಲೆ ಹತ್ತಿ ಕುಣಿದನಂತೆ, ನಾನು ಬದುಕಿಕೊಳ್ತೀನಿ ಅಂತ. ಆ ಕುಣಿತವೇ ಮುಂದೆ ಈ ಹಾಡಾಯಿತು.

"ಅಂದರೆ" ಅಂದಳು ಶೈಲಾ, ನಿಧಾನಕ್ಕೆ, "ಮೂರು ವಾರದಿಂದ ನಾನು ಅಳ್ತಾ ಇರೋದು ಒಬ್ಬ ಗಂಡಸಿನ ನೌಕರಿ ಹೋಯ್ತು ಅಂತಾನಾ?"

"ಒಂದು ಲೆಕ್ಕದಲ್ಲಿ ಹೌದು."

"ನೌಕರಿ ಹೋಗೋದು ಸಣ್ಣ ದುಃಖ ಅಂದುಕೊಂಡೆಯಾ?" ಅಂದ ಗುರು. ಮೊದಲ ಸಲ ಅವನಿಗೆ ಈ ಹಾಡಿನ ಮೇಲೆ ಗೌರವ ಹುಟ್ಟಿತ್ತು. "ಹುಡುಗಿ ಬಿಟ್ಟು ಹೋದರೆ ಪಿಎಫ್ ಫಾರಂ ತುಂಬಬೇಕಾಗಿಲ್ಲ."

ಅದಕ್ಕಿಂತ ತಮಾಷೆ ಎಂದರೆ, ಈ ಹಾಡು ಮುಖ್ಯ ಹಾಡೇ ಆಗಿರಲಿಲ್ಲ. 1978ರ ಮಾತು. ಆಗ ರೆಕಾರ್ಡಿಗೆ ಎರಡು ಮುಖ. ಎ ಸೈಡಿನಲ್ಲಿ ಕಂಪನಿ ನಂಬಿದ ಹಾಡು. ಬಿ ಸೈಡಿನಲ್ಲಿ ಇರಲಿ ಅಂತ ಹಾಕಿದ್ದು. ಅಳತೆಯ ಮೇಲೆ ಹಾಕುವ ಕೊಸರು ಅಂತಾರಲ್ಲ, ಅದು. ಗ್ಲೋರಿಯಾಳ ರೆಕಾರ್ಡ್ ಕಂಪನಿಯ ಹೊಸ ಯಜಮಾನನಿಗೆ 'ಸಬ್‌ಸ್ಟಿಟ್ಯೂಟ್' ಅನ್ನೋ ಹಾಡಿನ ಹುಚ್ಚು. ಅದನ್ನೇ ಗ್ಲೋರಿಯಾ ಹಾಡಬೇಕು ಅಂತ ಪಟ್ಟು ಹಿಡಿದ. ಆಯ್ತು, ಆದರೆ ಹಿಂದಿನ ಮುಖದಲ್ಲಿ ನಮ್ಮ ಹಾಡು ಹಾಕಬೇಕು ಅಂದರು ಈ ಇಬ್ಬರು.

"ಸಬ್‌ಸ್ಟಿಟ್ಯೂಟ್ ಅಂದರೆ ಬದಲಿ ಅಲ್ವಾ?" ಅಂದ ರಘು. "ಬದಲಿ ಮುಂದೆ ಕೂತ, ಅಸಲಿ ಹಿಂದೆ ಕೂತ. ನಮ್ಮ ಆಫೀಸಿನ ಹಾಗೇ ಇದೆ."

ರೆಕಾರ್ಡಿಂಗ್ ದಿನ ಸಾಹಿತ್ಯದ ಹಾಳೆಯೇ ಇರಲಿಲ್ಲವಂತೆ. ಕಂದು ಬಣ್ಣದ ಕಾಗದದ ಚೀಲದ ಮೇಲೆ ಗೀಚಿ ಗ್ಲೋರಿಯಾ ಕೈಗೆ ಕೊಟ್ಟರು. ಆಕೆ ಓದಿದಳು. ನಿಮಗೆ ತಲೆ ಸರಿ ಇದೆಯಾ, ಇದನ್ನ ಬಿ ಸೈಡಿಗೆ ಹಾಕ್ತಿದ್ದೀರಾ ಅನ್ನೋ ಅರ್ಥದಲ್ಲಿ ಕೇಳಿದಳು. ಯಾಕೆ ಅಷ್ಟು ತಟ್ಟಿತು ಅಂದರೆ, ಆಕೆಯ ತಾಯಿ ತೀರಿಕೊಂಡ ನೋವು ಇನ್ನೂ ಮಾಸಿರಲಿಲ್ಲ. ಸಾಲದ್ದಕ್ಕೆ ಅದೇ ವರ್ಷ ನ್ಯೂಯಾರ್ಕಿನ ವೇದಿಕೆಯ ಮೇಲೆ ಹಾಡುವಾಗ ಸ್ಪೀಕರಿಗೆ ಎಡವಿ ಹಿಂದಕ್ಕೆ ಬಿದ್ದಿದ್ದಳು. ಬಿದ್ದವಳು ಎದ್ದು ಕಾರ್ಯಕ್ರಮ ಮುಗಿಸಿದಳು. ಮಾರನೇ ಬೆಳಿಗ್ಗೆ ಎದ್ದಾಗ ಸೊಂಟದಿಂದ ಕೆಳಗೆ ಅಲ್ಲಾಡಲಿಲ್ಲ. ಬೆನ್ನುಮೂಳೆಗೆ ಆಪರೇಷನ್ ಆಯಿತು. ಈ ಹಾಡು ಹಾಡಲು ಬಂದಾಗ ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಬಂದಿದ್ದಳು.

ರಘು ಕುರ್ಚಿಯಲ್ಲಿ ಇನ್ನೂ ಅರ್ಧ ಇಂಚು ಎತ್ತರ ಆದ. "ಬೆಲ್ಟಾ?"

"ಬೆಲ್ಟೇ ಅನ್ನು. ನಿನ್ನದಕ್ಕಿಂತ ಗಟ್ಟಿಯದು."

"ನೀವೆಲ್ಲ ನನ್ನನ್ನ ಬಂದಾಗಿನಿಂದ ಆಡಿಕೊಂಡು ನಗ್ತಾ ಇದ್ದೀರಿ" ಅಂದ ರಘು, ಬೆಲ್ಟ್ ಮೇಲೆ ಕೈ ಆಡಿಸುತ್ತಾ. "ಈ ಬೆಲ್ಟ್ ಕಟ್ಟಿಕೊಂಡು ಒಂದು ಸೀನು ಸೀನೋಕೂ ಧೈರ್ಯ ಬೇಕು ಕಣ್ರೋ. ಆಯಮ್ಮ ಹಾಡೇ ಹಾಡಿದಾಳೆ."

ಆಮೇಲೆ ಅವನು ಅಡ್ಡ ಮಾತಾಡಲಿಲ್ಲ. ಹಾಡಿನ ವಕೀಲನಾಗಿ ಹೋದ.

"ಸರಿ, ಹಿಂದಿನ ಮುಖದಲ್ಲಿದ್ದ ಹಾಡು ಮುಂದೆ ಬಂದಿದ್ದು ಹೇಗೆ?" ಅಂತ ಗುರು ಕೇಳಿದ. ಲೆಕ್ಕ ತಾಳೆಯಾಗದೆ ಅವನಿಗೆ ನಿದ್ದೆ ಬರುವುದಿಲ್ಲ.

ಗ್ಲೋರಿಯಾ ಮತ್ತು ಆಕೆಯ ಗಂಡ ರೆಕಾರ್ಡ್ ಹಿಡಿದುಕೊಂಡು ನ್ಯೂಯಾರ್ಕಿನ ಸ್ಟುಡಿಯೋ 54 ಎಂಬ ಡ್ಯಾನ್ಸ್ ಕ್ಲಬ್ಬಿಗೆ ಹೋದರು. ಅಲ್ಲಿನ ಡಿಜೆ ಕೈಗೆ ಕೊಟ್ಟರು. ಅವನು ರೆಕಾರ್ಡ್ ತಿರುವಿ ಹಾಕಿದ. ಜನ ಕುಣಿದರು. ಬೇರೆ ಡಿಜೆಗಳೂ ತಿರುವಿ ಹಾಕಿದರು. ಕೊನೆಗೆ ಕಂಪನಿಯೂ ತಿರುವಿ ಹಾಕಬೇಕಾಯಿತು. 1979ರ ಮಾರ್ಚ್‌ನಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ನಂಬರ್ ಒಂದು.

"ಮುಖ ತಿರುಗಿಸಿಕೊಂಡು ಹೋದವರ ಬಗ್ಗೆ ಇರೋ ಹಾಡನ್ನ ಜನ ಮುಖ ತಿರುಗಿಸಿ ಹಾಕಿಯೇ ಹಿಟ್ ಮಾಡಿದರು ಅನ್ನು" ಅಂದಳು ಶೈಲಾ. ಮೂರು ವಾರದಲ್ಲಿ ಅವಳು ಮಾಡಿದ ಮೊದಲ ತಮಾಷೆ. ನಾವು ಅಗತ್ಯಕ್ಕಿಂತ ಜಾಸ್ತಿ ನಕ್ಕೆವು.

ಅವಳು ಮತ್ತೆ ಹಾಡು ಹಾಕಿದಳು, ಈ ಸಲ ಮೆಲ್ಲಗೆ. ಸುಮ್ನೆ ಕೇಳಿ ಅಂದೆ. ಇಡೀ ಹಾಡಿಗೆ ಎಂಟೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ಸರಪಳಿಯ ಹಾಗೆ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗಿ, ಮತ್ತೆ ಮೊದಲಿಗೇ ಬಂದು ನಿಲ್ಲುತ್ತವೆ. ಚರಣಕ್ಕೂ ಅದೇ, ಪಲ್ಲವಿಗೂ ಅದೇ. ಹಿಂದೆ ಕೋರಸ್ ಹಾಡುವವರೂ ಇಲ್ಲ. ಡಿಸ್ಕೋ ಕಾಲದಲ್ಲಿ ಅದು ಅಪರೂಪ. ಒಬ್ಬಳೇ ಹಾಡಬೇಕು.

"ಅಂದರೆ ಬಜೆಟ್ ಕಮ್ಮಿ" ಅಂದ ಗುರು.

"ಅಂದರೆ ಒಬ್ಬಳೇ ನಿಂತಿದಾಳೆ" ಅಂದ ರಘು, ಕಟುವಾಗಿ.

ನನಗೆ ಹಿಡಿಸುವುದು ಬೇರೆ. ಈಚಿನ ಸಬಲೀಕರಣದ ಹಾಡುಗಳಲ್ಲಿ ಮೊದಲ ನಿಮಿಷದಲ್ಲೇ ಬೆಂಕಿ, ಬಿರುಗಾಳಿ, ಸಿಂಹ. ಎಲ್ಲರೂ ಹುಟ್ಟುತ್ತಲೇ ಗೆದ್ದವರು. ಇದು ಹಾಗಲ್ಲ. ಮೊದಲ ಸಾಲಲ್ಲೇ ತಾನು ಹೆದರಿದ್ದೆ ಅಂತ ಒಪ್ಪಿಕೊಳ್ಳುತ್ತಾಳೆ. ರಾತ್ರಿಗಳೆಲ್ಲ ಕೂತು ಅವನು ಮಾಡಿದ್ದನ್ನೇ ನೆನೆಸಿಕೊಂಡೆ ಅನ್ನುತ್ತಾಳೆ. ಅಷ್ಟೊತ್ತಿಗೆ ಅವನು ಬಾಗಿಲು ತೆಗೆದುಕೊಂಡು ಒಳಗೆ ಬಂದು ನಿಂತಿರುತ್ತಾನೆ! ಆಗ ಆಕೆಗೆ ಹೊಳೆಯುವುದು ಏನು? ಆತ್ಮಗೌರವ ಅಲ್ಲ, ವಿಶ್ವಶಕ್ತಿ ಅಲ್ಲ. ಛೆ, ಬೀಗ ಬದಲಾಯಿಸಬೇಕಿತ್ತು, ಕೀಲಿ ಇಸ್ಕೋಬೇಕಿತ್ತು ಅಂತ. ನನ್ನ ಪ್ರಕಾರ ಆ ಹಾಡಿನ ಜೀವ ಇರುವುದೇ ಆ ಬೀಗದಲ್ಲಿ. ಸಿಂಹದ ಗರ್ಜನೆ ಯಾರಿಗೆ ಬರುತ್ತೆ? ಬೀಗ ಎಲ್ಲರ ಮನೆಯಲ್ಲೂ ಇದೆ.

"ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂದ ಹಾಗೆ" ಅಂದ ಗುರು.

ಶೈಲಾ ಯಾಕೋ ಮಾತಾಡಲಿಲ್ಲ. ಉಗುರು ನೋಡಿಕೊಳ್ಳುತ್ತಿದ್ದಳು. ಆಗ ನಾನು ಅದನ್ನು ಗಮನಿಸಲಿಲ್ಲ. ನನ್ನ ಭಾಷಣದ ಗುಂಗಿನಲ್ಲಿ ನಾನಿದ್ದೆ.

"ಎಲ್ಲರಿಗೂ ಹಿಡಿಸಿತಾ ಹಾಗಾದರೆ?" ಅಂದ ಗುರು.

ಎಲ್ಲಿ! ಅದೇ 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸ್ಫೋಟಿಸಿದರು. ಒಂದು ಡಿಸ್ಕೋ ರೆಕಾರ್ಡ್ ತಂದರೆ 98 ಸೆಂಟಿಗೇ ಟಿಕೆಟ್. ಎರಡು ಪಂದ್ಯದ ನಡುವೆ ಈ ಸಂಭ್ರಮ. ಜನ ಮೈದಾನಕ್ಕೆ ನುಗ್ಗಿ ಹುಲ್ಲು ಕಿತ್ತು ಹಾಕಿದರು. ಎರಡನೇ ಪಂದ್ಯ ಆಡಲಾಗದೆ ಊರಿನ ತಂಡವೇ ಸೋತಿತು ಅಂತ ಘೋಷಿಸಬೇಕಾಯಿತು.

"ಅವರದ್ದೇ ತಂಡ?"

"ಅವರದ್ದೇ."

"ಒಳ್ಳೇದಾಯ್ತು" ಅಂದ ರಘು, ಸ್ವಂತ ಸೇಡು ತೀರಿದವನ ಹಾಗೆ.

ಮರುವರ್ಷ ಈ ಹಾಡಿಗೆ ಗ್ರ್ಯಾಮಿ ಬಂತು. ಅತ್ಯುತ್ತಮ ಡಿಸ್ಕೋ ರೆಕಾರ್ಡಿಂಗ್ ಅಂತ. ಆ ವರ್ಗದಲ್ಲಿ ಅದೇ ಮೊದಲ ಪ್ರಶಸ್ತಿ, ಅದೇ ಕೊನೆಯದು. ಆಮೇಲೆ ಆ ವರ್ಗವನ್ನೇ ತೆಗೆದುಹಾಕಿದರು.

"ಅದಕ್ಕೇನು, ಬದುಕಿಕೊಳ್ಳೋಳು ಅವಳೇ ಅಲ್ವಾ?" ಅಂದಳು ಶೈಲಾ.

ನಿಜ ಹೇಳಬೇಕೆಂದರೆ, ಹಾಡು ಆಮೇಲೆ ಯಾರ ಯಾರ ಮನೆಗೋ ಹೋಯಿತು. ಎಂಬತ್ತರ ದಶಕದಲ್ಲಿ ಏಡ್ಸ್ ಬಂದು ಸ್ನೇಹಿತರನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಿದ್ದ ಸಲಿಂಗಿಗಳು ಈ ಹಾಡಿಗೆ ಕುಣಿದರು. ಅವರ ಬಾಯಲ್ಲಿ ಆ ಮಾತಿಗೆ ಪ್ರೇಮಭಂಗದ ಅರ್ಥವೇ ಇರಲಿಲ್ಲ. ಬದುಕಿರುತ್ತೇನೆ ಅಂದರೆ ಬದುಕಿರುತ್ತೇನೆ, ಅಷ್ಟೇ. ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಗುರು ಕೂಡ ಲೆಕ್ಕ ಕೇಳಲಿಲ್ಲ.

ಮೌನ ಮುರಿದಿದ್ದು ರಘು. "ಫುಟ್‌ಬಾಲಿನವರೂ ಹಾಡ್ತಾರೆ. 1998ರ ವಿಶ್ವಕಪ್ ಗೆದ್ದಾಗ ಫ್ರಾನ್ಸಿನವರು ಇದನ್ನೇ ಹಾಡಿದ್ದು. ಸಾಲು ಮರೆತವರಿಗೆ ಲಾ ಲಾ ಲಾ ಅಂತ ಇದೆ."

"ಹನ್ನೊಂದು ಗಂಡಸರು" ಅಂತ ಶೈಲಾ ನಿಟ್ಟುಸಿರು ಬಿಟ್ಟಳು. "ಇದೇನು, ಈ ಹಾಡಿನ ಸುತ್ತ ಬರೀ ಗಂಡಸರೇ ತುಂಬಿಕೊಂಡಿದ್ದಾರೆ."

2020ರಲ್ಲಿ ಕೊರೋನಾ ಬಂದಾಗ ಗ್ಲೋರಿಯಾ ಗೇನರೇ ಸಿಂಕಿನ ಮುಂದೆ ನಿಂತು, ಈ ಹಾಡು ಹಾಕಿಕೊಂಡು 20 ಸೆಕೆಂಡು ಕೈ ತೊಳೆದು ವಿಡಿಯೋ ಬಿಟ್ಟಳು. ಅದೇ ವರ್ಷ ಜನವರಿಯಲ್ಲಿ ಆಕೆಗೆ ಇನ್ನೊಂದು ಗ್ರ್ಯಾಮಿ ಬಂದಿತ್ತು, ಭಕ್ತಿಗೀತೆಗಳ ಆಲ್ಬಮ್ಮಿಗೆ. ಮೊದಲನೆಯದು ಬಂದು 40 ವರ್ಷದ ಮೇಲೆ. ಅಷ್ಟೇ ಅಲ್ಲ, ಎದೆಬಡಿತ ನಿಂತವರಿಗೆ ಸಿಪಿಆರ್ ಮಾಡುವಾಗ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು. ಈ ಹಾಡಿನ ತಾಳ ಸುಮಾರು 117. ಸರಿಯಾಗಿ ಕೂರುತ್ತೆ.

"ಹೆಸರೂ ಕೂರುತ್ತೆ" ಅಂದ ರಘು. "ನನಗೇನಾದರೂ ಆದರೆ ಇದನ್ನೇ ಹಾಡಿಕೊಂಡು ಒತ್ತಿ. ಸೊಂಟದ ಹತ್ತಿರ ಮಾತ್ರ ಬರಬೇಡಿ."

ಗುರು ಮಾತ್ರ ಹಳೇ ಪುಟಕ್ಕೇ ಹೋದ. "ನನಗೆ ಒಂದು ಅರ್ಥ ಆಗಲಿಲ್ಲ. ಬಿಟ್ಟು ಹೋದವನು ನೇರ ಒಳಗೇ ಹೇಗೆ ಬಂದ? ಬೆಲ್ ಮಾಡಬೇಕಲ್ವಾ?"

"ಅವನ ಹತ್ತಿರ ಕೀಲಿ ಇತ್ತಲ್ಲೋ. ಅದಕ್ಕೇ ಆಕೆ ಬೀಗದ ಮಾತಾಡೋದು" ಅಂದೆ.

"ಹಾಂ" ಅಂದ ಗುರು. ಆಮೇಲೆ ಶೈಲಾಳನ್ನು ನೋಡಿದ. ರಘು ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಶೈಲಾಳನ್ನು ನೋಡಿದ. ನಾನೂ ನೋಡಿದೆ.

ಶೈಲಾ ಇನ್ನೂ ಉಗುರು ನೋಡಿಕೊಳ್ಳುತ್ತಿದ್ದಳು.

"ಶೈಲಾ, ನಿಮ್ಮನೆ ಕೀಲಿ ಅವನ ಹತ್ತಿರ ಇದೆಯೇನೇ?"

"ಇದೆ" ಅಂದಳು. "ಕೇಳೋಕೆ ಒಂಥರಾ ಅನ್ನಿಸ್ತು. ಚಾರ್ಜರ್ ವಾಪಸ್ ಕೊಡೋಕೆ ಬಂದಾಗ ಇಸ್ಕೊಂಡರಾಯ್ತು ಅಂತ..."

"ಮೂರು ವಾರದಿಂದ ಈ ಹಾಡು ಕೇಳ್ತಿದ್ದೀಯ!" ಅಂತ ರಘು ಎದ್ದೇ ಬಿಟ್ಟ. ಎದ್ದವನು ಅಯ್ಯೋ ಅಂದು ಅರ್ಧದಲ್ಲೇ ನಿಂತ. "ಇವತ್ತೊಂದೇ ದಿನ ಹತ್ತು ಸಲ! ಹತ್ತು ಸಲವೂ ಆಯಮ್ಮ ಬೀಗ ಬೀಗ ಅಂತ ಹೇಳಿದಾಳೆ!"

"ನಾನು ಪಲ್ಲವಿ ಬಂದಾಗ ಮಾತ್ರ ಜೋರಾಗಿ ಹಾಡ್ತಿದ್ದೆ" ಅಂದಳು ಶೈಲಾ, ಸಣ್ಣ ದನಿಯಲ್ಲಿ.

ಗುರು ಅಷ್ಟೊತ್ತಿಗೆ ಫೋನ್ ತೆಗೆದು ಬೀಗದವನ ನಂಬರ್ ಹುಡುಕುತ್ತಿದ್ದ. ಒಂದು ಗಂಟೆಯಲ್ಲಿ ಅವನು ಬಂದ. ವಯಸ್ಸಾದವನು, ಮಾತು ಕಮ್ಮಿ. ಹಳೇ ಬೀಗ ಬಿಚ್ಚುವಾಗ ಹಿಂದೆ ಮತ್ತೆ ಅದೇ ಹಾಡು ಶುರುವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನ ಸ್ಕ್ರೂಡ್ರೈವರ್ ತಾಳಕ್ಕೆ ತಿರುಗುತ್ತಿತ್ತು. ರಘು ಕುರ್ಚಿಯಿಂದಲೇ ನಿರ್ದೇಶನ ಕೊಡುತ್ತಿದ್ದ. ಗುರು ರಸೀದಿ ಕೇಳಿದ.

ಕೆಲಸ ಮುಗಿಸಿ ಬೀಗದವನು ಶೈಲಾಳನ್ನು ಕೇಳಿದ, "ಎಷ್ಟು ಕೀಲಿ ಬೇಕಮ್ಮಾ?"

ಶೈಲಾ ಎದೆ ಸೆಟೆದು ನಿಂತಳು. "ಒಂದೇ" ಅಂದಳು.

"ಎರಡು" ಅಂದೆ ನಾನು. "ನೀನು ವಾರಕ್ಕೊಂದು ಸಲ ಕೀಲಿ ಕಳೀತೀಯ. ಒಂದು ನನ್ನ ಹತ್ತಿರ ಇರಲಿ."

"ಇವಳ ಮನೆ ದೂರ. ನನ್ನ ಹತ್ತಿರ ಒಂದಿರಲಿ" ಅಂದ ಗುರು.

"ಗಿಡಕ್ಕೆ ನೀರು ಹಾಕೋನು ನಾನು" ಅಂದ ರಘು.

ಬೀಗದವನು ನಮ್ಮನ್ನೆಲ್ಲ ಒಂದು ಸಲ ನೋಡಿದ, ಬೆಲ್ಟನ್ನು ಎರಡು ಸಲ ನೋಡಿದ. "ನಾಲ್ಕು ಅಂತ ಬರ್ಕೊಳ್ಳಲಾ?" ಅಂದ.