ನಾಲ್ಕನೇ ಫೋನೂ ಹೋತು

ಹಾಂ, ರೆಕಾರ್ಡ್ ಆಗ್ತಾ ಉಂಟು ಕಾಣ್ತದೆ. ತಮಾ, ಇದು ಅತ್ತೆ ಮಾತಾಡೋದು, ಮಾವನ ಫೋನಿಂದ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೈಸೂರು ಕಡೆ ಸೊಸೆಯರೂ ಇದ್ದಾರಲ್ಲ, ಅದಕ್ಕೇ ಮನೆ ಮಾತು ಬಿಟ್ಟು ಎಲ್ಲರಿಗೂ ತಿಳಿಯೋ ಹಾಗೆ ಹೇಳ್ತೇನೆ. ಮಳೆ ಸದ್ದು ಬಂದ್ರೆ ಸುಧಾರಿಸ್ಕೊಳ್ಳಿ. ಹಿತ್ತಿಲ ತಗಡಿನ ಮಾಡಿನ ಕೆಳಗೆ ಕೂತಿದ್ದೇನೆ, ಎರಡು ಗೀಟು ನೆಟ್‌ವರ್ಕ್ ಬರೋದು ಇಲ್ಲೇ.

ಬೆಳಗ್ಗೆ ನೀನು ಹಾಕಿದ್ದು ಓದಿದೆ. ಎರಡು ವರ್ಷದಲ್ಲಿ ಅತ್ತೆ ನಾಲ್ಕು ಫೋನ್ ಮುಗಿಸಿದಳು, ಈ ಸಲ ಬೆಂಗಳೂರಿಂದ ನಾನೇ ಕಳಿಸ್ತೇನೆ, 200 ಮೆಗಾಪಿಕ್ಸೆಲ್ ಕ್ಯಾಮೆರಾ, ಅಂಚು ಬಾಗಿದ ಪರದೆ ಅಂತ. ಅದಕ್ಕೆ ಹದಿನಾಲ್ಕು ಜನ ನಗೋ ಮುಖ ಒತ್ತಿದ್ದೀರಿ. ನಗಿ. ಆದ್ರೆ ತಮಾ, ಆರ್ಡರ್ ಮಾಡೋ ಮೊದಲು ಹಿಂದಿನ ನಾಲ್ಕೂ ಹೇಗೆ ಸತ್ತವು ಅಂತ ಒಮ್ಮೆ ಕೇಳು. ಯಾವುದೂ ತನ್ನ ಆಯುಷ್ಯ ಮುಗಿದು ಸತ್ತಿದ್ದಲ್ಲ.

ಮೊದಲನೇದು ಹೋಗಿದ್ದು ಕೊಳೆ ಔಷಧಿಗೆ. ಸೊಸೆಯರಿಗೆ ಗೊತ್ತಿರ್ಲಿಕ್ಕಿಲ್ಲ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ಹೊಡೀತೇವೆ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯ್ತಾ ಅಂತ ನೋಡ್ಲಿಕ್ಕೆ ಅದರಲ್ಲಿ ಕತ್ತಿ ಅದ್ದಿ ತೆಗೀತೇವೆ. ಸಾಲದಿದ್ರೆ ಕತ್ತಿಯ ಅಲಗಿಗೆ ತಾಮ್ರ ಹತ್ತಿ ಕೆಂಪಾಗ್ತದೆ. ಆ ದಿನ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಮೇಲಿಂದ ಪೈಪ್ ಎಳಿ ಅಂತ ಕೂಗಿದ, ನಾನು ಬಗ್ಗಿದೆ, ಕತ್ತಿ ಅದ್ದೋ ಬದಲು ಫೋನ್ ಅದ್ದಿದ ಹಾಗಾಯ್ತು. ಬ್ಯಾರಲ್‌ನಿಂದ ತೆಗೆಯುವಾಗ ಸ್ಪೀಕರ್ ತೂತೆಲ್ಲ ನೀಲಿ. ಒರೆಸಿದೆ, ಎರಡು ದಿನ ನಡೀತು, ಮೂರನೇ ದಿನ ಚಾರ್ಜೇ ಹತ್ತಲಿಲ್ಲ.

ಎರಡನೇದಕ್ಕೆ ಪೆಟ್ಟಿಗೆ ಮೇಲೇ ನೀರು ಹೊಕ್ಕೋದಿಲ್ಲ, ಐಪಿ67 ಅಂತ ಇತ್ತು. ಅದನ್ನು ನಂಬಿ ಕಾರವಾರದಲ್ಲಿ ಟ್ಯಾಗೋರ್ ಬೀಚಿಗೆ ಇಳಿದೆ. ಮೊಮ್ಮಗಳ ಫೋಟೋ ತೆಗೀತಿದ್ದೆ, ತೆರೆ ಬಂತು, ಸೀರೆ ಸಮೇತ ಫೋನೂ ನೆನೀತು. ಆಮೇಲೆ ಗೊತ್ತಾಗಿದ್ದು, 67 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, ಅದೂ ಸಿಹಿನೀರಲ್ಲಿ. 68 ಅಂದ್ರೆ ಇನ್ನೂ ಆಳ, ಎಷ್ಟು ಆಳ ಅಂತ ಕಂಪನಿಯೇ ಹೇಳ್ಬೇಕು, ಅದೂ ಸಿಹಿನೀರೇ. ಉಪ್ಪುನೀರಿಗೆ ಆ ಲೆಕ್ಕ ಇಲ್ಲ. ನಾನು ಮಾಡಿದ ದಡ್ಡತನ ಕೇಳು: ರಾತ್ರಿಯಿಡೀ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ಬೆಳಗ್ಗೆ ಸೀದಾ ಚಾರ್ಜಿಗೆ ಹಾಕಿದೆ. ಅಕ್ಕಿ ಒಳಗಿನ ಉಪ್ಪನ್ನು ಹೀರೋದಿಲ್ಲ ಮಾರಾಯ, ಬದಲಿಗೆ ಅದರ ಹುಡಿ ತೂತಿಗೆ ಹೋಗ್ತದೆ. ಆಫ್ ಮಾಡಿ, ಸಿಹಿನೀರಲ್ಲಿ ಮೆಲ್ಲಗೆ ತೊಳೆದು, ಪೂರ್ತಿ ಒಣಗೋವರೆಗೆ ಚಾರ್ಜರ್ ಮುಟ್ಟಬಾರದಿತ್ತಂತೆ. ಒಳಗೊಂದು ಬಿಳಿ ಚೀಟಿ ಇರ್ತದೆ, ನೀರು ತಾಗಿದ್ರೆ ಕೆಂಪಾಗ್ತದೆ. ರಿಪೇರಿಯವನು ಅದನ್ನು ತೋರಿಸಿ ವಾರಂಟಿ ಇಲ್ಲ ಅಕ್ಕಾ ಅಂದ. ನೀರು ಹೊಕ್ಕೋದಿಲ್ಲ ಅಂತ ಮಾರೋದು ಅವರೇ, ಹೊಕ್ಕರೆ ವಾರಂಟಿ ಇಲ್ಲ ಅನ್ನೋದೂ ಅವರೇ. ಮೊಮ್ಮಗಳ ಫೋಟೋ ಎಲ್ಲ ಅದರೊಟ್ಟಿಗೇ ಹೋಯ್ತು, ಬ್ಯಾಕಪ್ ಇರಲಿಲ್ಲ.

ಮೂರನೇದನ್ನು ನಾನೇ ಕೊಂದೆ, ಒಪ್ಕೊಳ್ತೇನೆ. ಬಚ್ಚಲ ಒಲೆಯ ಗೋಡೆಗೊಂದು ಪ್ಲಗ್ ಇದೆಯಲ್ಲ, ಅಲ್ಲೇ ದಿನಾ ಚಾರ್ಜಿಗೆ ಇಡ್ತಿದ್ದೆ. ಲಿಥಿಯಂ ಬ್ಯಾಟರಿಗೆ ಶಾಖ ಅಂದ್ರೆ ವಿಷ, ಚಾರ್ಜ್ ಆಗುವಾಗಂತೂ ಕೇಳೋದೇ ಬೇಡ. ಒಂದಿನ ನೋಡ್ತೇನೆ, ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಹಾಗೆ ಬೆನ್ನು ಉಬ್ಬಿ ಮೇಲೆದ್ದಿತ್ತು. ಇವರು ಒತ್ತಿ ಕೂರಿಸ್ಲಿಕ್ಕೆ ಹೋದ್ರು! ಕೈ ಹಿಡಿದು ತಡೆದೆ. ಉಬ್ಬಿದ ಬ್ಯಾಟರಿ ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತಬಹುದು.

ನಾಲ್ಕನೇದು ನೀನೇ ಕಳಿಸಿದ್ದು. ನೆನಪಿಲ್ವಾ? ಅದೂ ಅಂಚು ಬಾಗಿದ್ದೇ. ಚೆಂದ ಇತ್ತು, ಸುಳ್ಳು ಹೇಳೋದಿಲ್ಲ. ಆದ್ರೆ ಬಾಗಿದ ಗಾಜಿಗೆ ಟೆಂಪರ್ ಗ್ಲಾಸ್ ಸರಿಯಾಗಿ ಕೂರೋದಿಲ್ಲ, ಬೀಳುವಾಗ ಅಂಚೇ ಮೊದಲು ತಾಗೋದು. ಅಂಗಳದ ಚಿರೆಕಲ್ಲಿನ ಮೆಟ್ಟಿಲು, ಸೊಂಟದೆತ್ತರದಿಂದ ಒಂದೇ ಸಲ. ಶಿರಸಿ ಪೇಟೆಯಲ್ಲಿ ವಿಚಾರಿಸಿದ್ರೆ ಪರದೆ ಒಂದಕ್ಕೇ ಫೋನಿನ ಅರ್ಧ ಬೆಲೆಗಿಂತ ಹೆಚ್ಚು ಕೇಳಿದ್ರು.

ಹಾಗಾಗಿ ಬಾಗಿದ್ದು ಬೇಡ, ಚಪ್ಪಟೆ ಪರದೆ ಬೇಕು. ಸೇನೆಯ ಪರೀಕ್ಷೆ, 810ಎಚ್ ಅಂತ ಜಾಹೀರಾತು ಬರ್ತದಲ್ಲ, ಅದಿದ್ರೆ ಒಳ್ಳೇದು, ಆದ್ರೆ ಪೂರ್ತಿ ನಂಬಬೇಡ. ಅದರಲ್ಲಿ 122 ಸೆಂಟಿಮೀಟರ್ ಮೇಲಿಂದ 26 ಸಲ ಬೀಳಿಸ್ತಾರೆ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಹೆಚ್ಚಾಗಿ ಬೀಳಿಸೋದು ಪ್ಲೈವುಡ್ ಮೇಲೆ! ನಮ್ಮನೆ ಮೆಟ್ಟಿಲಿಗೆ ಯಾರು ಪ್ಲೈವುಡ್ ಹಾಸಿದ್ದಾರೆ? ಅದಕ್ಕೇ ರಬ್ಬರಿನ ದಪ್ಪ ಕವರ್ ಬೇಕೇ ಬೇಕು, ಎಮ್ಮೆ ಚರ್ಮದ ಹಾಗೆ ಕಂಡ್ರೂ ತೊಂದರೆ ಇಲ್ಲ.

200 ಮೆಗಾಪಿಕ್ಸೆಲ್ ಯಾರಿಗೆ? ಮಾಮೂಲಿಯಾಗಿ ಒತ್ತಿದ್ರೆ ಆ ಕ್ಯಾಮೆರಾ ಹದಿನಾರು ಚುಕ್ಕೆ ಸೇರಿಸಿ ಒಂದು ಮಾಡಿ, ಹನ್ನೆರಡೂವರೆ ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡ್ತದಂತೆ. ನನಗೆ ಬೇಕಾದ್ದು ಎಲೆಚುಕ್ಕಿ ರೋಗ ಬಂದ ಅಡಿಕೆ ಸೋಗೆ ಹತ್ತಿರದಿಂದ ಮಸುಕಾಗದೆ ಬರೋದು.

ಇನ್ನೊಂದು ನೀವು ಪೇಟೆಯವರು ನೋಡೋದೇ ಇಲ್ಲ, ಬ್ಯಾಂಡ್, ಅಂದ್ರೆ ಫೋನ್ ಯಾವ ಯಾವ ನೆಟ್‌ವರ್ಕ್ ಅಲೆ ಹಿಡೀತದೆ ಅನ್ನೋದು. ನಮ್ಮ ತೋಟದ ಕೆಳಗೆ ಹಿಡಿಯೋದು ಬಿಎಸ್‌ಎನ್‌ಎಲ್ ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿ 4ಜಿ ಅಂತ ಉದ್ಘಾಟನೆ ಆಯ್ತಲ್ಲ, ಅದು 700 ಮೆಗಾಹರ್ಟ್ಸ್‌ನಲ್ಲೂ ಬರ್ತದೆ. ಆ ಅಲೆ ದೂರ ಹೋಗ್ತದೆ, ಕಾಡು, ಗೋಡೆ ಎಲ್ಲ ತಕ್ಕಮಟ್ಟಿಗೆ ದಾಟ್ತದೆ. ಫೋನಿನ ವಿವರದಲ್ಲಿ ಬ್ಯಾಂಡ್ 28 ಅಂತ ಇದ್ರೆ ಮಾತ್ರ ಅದು ಸಿಗೋದು. ಲಿಂಕ್ ಕಳಿಸುವಾಗ ಮೊದಲು ಆ ಸಾಲು ನೋಡು, ಕ್ಯಾಮೆರಾ ಆಮೇಲೆ.

ಮಾವಂದು ಬೇರೆ ವಾದ. ಗುಂಡಿ ಒತ್ತೋ ಫೋನೇ ಸಾಕು, 2003ರ ನೋಕಿಯಾ 1100 ಇಪ್ಪತ್ತೈದು ಕೋಟಿ ಮಾರಿತ್ತು, ಟಾರ್ಚ್ ಬೇರೆ ಇತ್ತು ಅಂತ. ಹೇಳೋರು ಶಿರಸಿಯ ಅಡಿಕೆ ಸೊಸೈಟಿ ಟಿಎಸ್‌ಎಸ್‌ನ ಧಾರಣೆ ನೋಡ್ಲಿಕ್ಕೆ ದಿನಾ ಮಧ್ಯಾಹ್ನ ನನ್ನ ಫೋನೇ ಕೇಳ್ತಿದ್ರು. ಆಳಿಗೆ ಸಂಬಳ ಹಾಕೋದು ನಾನು, ಅದೂ ಫೋನಲ್ಲೇ.

ತಾನು ಯಾವ ಫೋನ್ ತಗೊಳ್ಳೋದು ಅಂತ ಕುಮಟೆ ತಂಗಿ ಕೇಳಿದ್ದಕ್ಕೂ ಹೇಳಿಬಿಡ್ತೇನೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ದುಡ್ಡು ಕೊಡೋ ಮೊದಲು ಆ ಫೋನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತು, ಹದಿನೈದು ಅಂಕಿಯ ನಂಬರ್ ಬರ್ತದೆ. ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಮಾಡು. ಬ್ಲಾಕ್ ಆಗಿದೆ ಅಂತಲೋ ನಕಲಿ ಅಂತಲೋ ಉತ್ತರ ಬಂದ್ರೆ ಮುಟ್ಟಬೇಡ. ಹೊಸದೇ ಬೇಕು ಅಂತಾದ್ರೆ, ನೀನು ಮನೆಯೊಳಗೇ ಇರೋಳು, ಸ್ಯಾಮ್ಸಂಗ್ ಎ16 5ಜಿ ನೋಡು. ಆರು ವರ್ಷ ಅಪ್‌ಡೇಟ್ ಕೊಡ್ತೇವೆ ಅಂದಿದ್ದಾರೆ. ಅದು ಐಪಿ54, ಹನಿ ಸಿಡಿದ್ರೆ ತಡೀತದೆ, ಬಾವಿಗೆ ಬಿದ್ರೆ ಇಲ್ಲ. ನನಗಂತೂ ಅದು ಸಾಲೋದಿಲ್ಲ, 68ರದ್ದೇ ಬೇಕು.

ತಮಾ, ಹೊಸದು ಬಂದ ದಿನ ನೀನು ವಿಡಿಯೋ ಕಾಲ್ ಮಾಡಿ ಬ್ಯಾಕಪ್ ಹೇಗೆ ಇಡೋದು ಅಂತ ತೋರಿಸ್ಬೇಕು. ವಾಟ್ಸಾಪ್ ಬ್ಯಾಕಪ್ಪೂ ಈಗ ಗೂಗಲ್‌ನ 15 ಜಿಬಿಯ ಲೆಕ್ಕಕ್ಕೇ ಬರ್ತದಂತೆ, ಹಾಗಾಗಿ ಗುಂಪಿನವರ ಗುಡ್ ಮಾರ್ನಿಂಗ್ ಹೂವುಗಳನ್ನು ದಿನಾ ಅಳಿಸ್ತೇನೆ, ಬೇಜಾರು ಮಾಡ್ಕೋಬೇಡಿ. ಚಾರ್ಜಿಂಗ್ ಇನ್ನು ಮೇಲೆ ಜಗಲಿಯಲ್ಲಿ. ಕೊಳೆ ಔಷಧಿ ದಿನ ಫೋನ್ ದೇವರ ಗೂಡಿನ ಹತ್ತಿರ ಇರ್ತದೆ.

ಓ, ಇವರು ಫೋನ್ ಕೇಳ್ತಾ ಇದ್ದಾರೆ, ಮುಗಿಸ್ತೇನೆ. ಬಣ್ಣ ಯಾವುದು ಅಂತ ಕೇಳಿದ್ದೆಯಲ್ಲ? ಯಾವುದಾದ್ರೂ ಕಳಿಸು, ಹಸಿರು ಮಾತ್ರ ಬೇಡ. ತೋಟದಲ್ಲಿ ಬಿದ್ರೆ ಸಿಗೋದಿಲ್ಲ.