ಶನಿವಾರದ ಲಸಿಕೆ ಶಿಬಿರ (ಮೇ 2021): ಹೆಸರು ಹಿಂದೆಗೆದುಕೊಳ್ಳುವ ಮುನ್ನ ಇದನ್ನು ಓದಿ

ಸಂಘದ ಕಾರ್ಯದರ್ಶಿ:
ಮೇ 29ರ ಶನಿವಾರ ಬೆಳಿಗ್ಗೆ ನಮ್ಮ ಸಮುದಾಯ ಭವನದಲ್ಲಿ 45 ದಾಟಿದವರಿಗೆ ಕೋವಿಶೀಲ್ಡ್ ಹಾಕಲು ಆರೋಗ್ಯ ಕೇಂದ್ರದವರು ಒಪ್ಪಿದ್ದಾರೆ. ಆದರೆ ಈ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಹೆದರಿಸುವ ಆ ಧ್ವನಿ ಸಂದೇಶ ಹರಿದಾಡಿದ ಮೇಲೆ ಹೆಸರು ಕೊಟ್ಟವರೇ ಹಿಂದೆ ಸರಿಯುತ್ತಿದ್ದಾರೆ. ಒಂದು ಸೀಸೆಯಲ್ಲಿ ಹತ್ತು ಡೋಸ್ ಇರುತ್ತದೆ. ತೆರೆದ ನಾಲ್ಕು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು. ಬರುವುದಿಲ್ಲವಾದರೆ ಈಗಲೇ ತಿಳಿಸಿ, ಬೇಸರವಿಲ್ಲ.

ಮೂರನೇ ಅಡ್ಡರಸ್ತೆಯ ನಿವಾಸಿ:
ನಮ್ಮ ತಾಯಿಯ ಹೆಸರು ತೆಗೆಯಿರಿ. ರಕ್ತ ಹೆಪ್ಪುಗಟ್ಟುತ್ತದೆ ಎಂದು ಡೆನ್ಮಾರ್ಕಿನವರು ಏಪ್ರಿಲ್‌ನಲ್ಲೇ ಈ ಲಸಿಕೆಯನ್ನು ಕೈಬಿಟ್ಟರು. ಅದೂ ಸುಳ್ಳು ಸುದ್ದಿಯೇ?

ಮೊದಲನೇ ಅಡ್ಡರಸ್ತೆಯ ನಿವಾಸಿ:
ಹೆದರುವವರನ್ನು ಬಿಟ್ಟು ಮುಂದೆ ಹೋಗೋಣ.

ನಿವೃತ್ತ ನರ್ಸ್, ಐದನೇ ಅಡ್ಡರಸ್ತೆ:
ಹಾಗೆನ್ನಬೇಡಿ, ಅವರು ಕೇಳಿದ್ದು ಸರಿಯಾಗಿಯೇ ಇದೆ. ಡೆನ್ಮಾರ್ಕಿನ ಸುದ್ದಿ ನಿಜ ತಮ್ಮಾ. ಆದರೆ ಅಲ್ಲಿ ಸೋಂಕು ಹತೋಟಿಯಲ್ಲಿತ್ತು, ಬೇರೆ ಲಸಿಕೆಗಳೂ ಕೈಯಲ್ಲಿದ್ದವು. ನಮ್ಮಲ್ಲಿ ಈ ತಿಂಗಳು ಆಮ್ಲಜನಕಕ್ಕೆ ಪಟ್ಟ ಪಾಡು ನಿಮಗೇ ಗೊತ್ತು. ಅಡ್ಡಪರಿಣಾಮ ಪರಿಶೀಲಿಸುವ ರಾಷ್ಟ್ರೀಯ ಸಮಿತಿ 498 ಗಂಭೀರ ಪ್ರಕರಣಗಳನ್ನು ನೋಡಿ, 26ರಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂದಿದೆ. ಹತ್ತು ಲಕ್ಷ ಡೋಸಿಗೆ 0.61. ಇದು ವರದಿಯಾದವುಗಳ ಲೆಕ್ಕ ಮಾತ್ರ. ಅದಕ್ಕೇ ನಾವೂ ಕಣ್ಣಿಟ್ಟಿರಬೇಕು.

ಜ್ವರ, ಮೈಕೈ ನೋವು, ತೋಳಿನ ನೋವು ಒಂದೆರಡು ದಿನ ಸಾಮಾನ್ಯ, ಪ್ಯಾರಸಿಟಮಾಲ್ ಸಾಕು. ಆದರೆ 20 ದಿನಗಳೊಳಗೆ ಉಸಿರಾಟದ ತೊಂದರೆ, ಎದೆನೋವು, ಕಾಲಿನ ಊತ, ಬಿಡದ ಹೊಟ್ಟೆನೋವು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಸೂಜಿ ಚುಚ್ಚಿದ ಜಾಗ ಬಿಟ್ಟು ಬೇರೆಡೆ ಕೆಂಪು ಚುಕ್ಕೆ ಏಳುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಮೂರನೇ ಅಡ್ಡರಸ್ತೆಯ ನಿವಾಸಿ:
ತಾಯಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಮ್ಮಾ.

ನಿವೃತ್ತ ನರ್ಸ್:
ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅವರ ವೈದ್ಯರಿಗೆ ಒಂದು ಫೋನ್ ಮಾಡಿ, ಶಿಬಿರದಲ್ಲೂ ಮೊದಲೇ ಹೇಳಿ. ಚುಚ್ಚಿದ ಜಾಗವನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ.

ಎರಡನೇ ಅಡ್ಡರಸ್ತೆಯ ನಿವಾಸಿ:
ನನಗೆ ಏಪ್ರಿಲ್‌ನಲ್ಲಿ ಕೋವಿಡ್ ಬಂದಿತ್ತು. ಬರಲೇ?

ನಿವೃತ್ತ ನರ್ಸ್:
ಬೇಡ. ಗುಣವಾಗಿ ಮೂರು ತಿಂಗಳು ಕಳೆಯಲಿ ಎಂದು ಮೇ 19ರಂದು ಕೇಂದ್ರ ಸರ್ಕಾರವೇ ಹೇಳಿದೆ. ಎರಡನೇ ಡೋಸಿನವರೂ ಗಮನಿಸಿ, ಅಂತರ ಈಗ 12ರಿಂದ 16 ವಾರ.

ಕಾರ್ಯದರ್ಶಿ:
ಲಸಿಕೆಯ ನಂತರ ಅರ್ಧ ಗಂಟೆ ಕೂರಲೇಬೇಕು. ಕುರ್ಚಿಗಳನ್ನು ದೂರ ದೂರ ಹಾಕಿಸುತ್ತೇನೆ. ಒಂಟಿಯಾಗಿರುವ ಹಿರಿಯರಿಗೆ 20 ದಿನ ಸಂಜೆ ಫೋನ್ ಮಾಡಲು ಪ್ರತಿ ಅಡ್ಡರಸ್ತೆಗೊಬ್ಬರು ಬೇಕು. ರಾತ್ರಿ ಕಾರು ತೆಗೆಯಬಲ್ಲವರೂ ತಿಳಿಸಿ. 108ಕ್ಕೆ ಕಾಯುತ್ತ ಕೂರುವ ಕಾಲ ಇದಲ್ಲ.

ಮೊದಲನೇ ಅಡ್ಡರಸ್ತೆಯ ನಿವಾಸಿ:
ನಮ್ಮ ಸಾಲಿಗೆ ನಾನೇ ಫೋನ್ ಮಾಡುತ್ತೇನೆ. ಕಾರೂ ಇದೆ.

ಮೂರನೇ ಅಡ್ಡರಸ್ತೆಯ ನಿವಾಸಿ:
ವೈದ್ಯರನ್ನು ಕೇಳಿ ಗುರುವಾರದೊಳಗೆ ತಿಳಿಸುತ್ತೇನೆ. ಅಲ್ಲಿಯವರೆಗೆ ತಾಯಿಯ ಹೆಸರು ಪಟ್ಟಿಯಲ್ಲಿರಲಿ.