ಔಷಧಿ ಹೊಡೆಯುವ ಮೊದಲು ಟಾರ್ಚ್ ಹಿಡಿಯಿರಿ: ಕೀಟ ನಿರ್ವಹಣೆ ಕುರಿತ ಪ್ರಶ್ನೋತ್ತರ

ಸದಸ್ಯರಿಗೆ ನಮಸ್ಕಾರ. ಕಟ್ಟಡಗಳಲ್ಲಿಯೂ ತೋಟಗಳಲ್ಲಿಯೂ ಕೀಟ ನಿರ್ವಹಣೆಯ ಸಲಹೆ ನೀಡುವುದು ನನ್ನ ವೃತ್ತಿ. ಪ್ರಶ್ನೆ ಕಳುಹಿಸುವಂತೆ ಕಳೆದ ವಾರ ಕೇಳಿಕೊಂಡಿದ್ದೆ. ಬಂದವುಗಳಲ್ಲಿ ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸುತ್ತಿದ್ದೇನೆ. ನಡುವೆ ಸಂದೇಹ ಬಂದರೆ ಅಲ್ಲಿಯೇ ಕೇಳಬಹುದು.

ಪ್ರಶ್ನೆ: ಮೇಡಂ, ನಮ್ಮ ಅಡುಗೆಮನೆಯಲ್ಲಿ ಜಿರಳೆಗಳ ಕಾಟ ವಿಪರೀತವಾಗಿದೆ. ಎರಡು ತಿಂಗಳಲ್ಲಿ ಮೂರು ಬಾರಿ ಸ್ಪ್ರೇ ಹೊಡೆದೆ. ಪ್ರತಿ ಸಲವೂ ನಾಲ್ಕೈದು ದಿನ ಕಾಣೆಯಾಗಿ, ಆಮೇಲೆ ಮೊದಲಿಗಿಂತ ಹೆಚ್ಚಾಗಿ ಬರುತ್ತವೆ. ಈಗ ಮಲಗುವ ಕೋಣೆಯಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಇದಕ್ಕಿಂತ ಪ್ರಬಲವಾದ ಔಷಧಿ ಯಾವುದಿದೆ?

ಉತ್ತರ: ಔಷಧಿಯ ಮಾತಿಗೆ ಆಮೇಲೆ ಬರೋಣ, ಮೊದಲು ನಿಮ್ಮ ಜಿರಳೆ ಯಾವುದೆಂದು ನೋಡಿಕೊಳ್ಳಿ. ತಿಳಿಗಂದು ಬಣ್ಣದ, ತಲೆಯ ಹಿಂದಿನ ಫಲಕದ ಮೇಲೆ ಎರಡು ಕಪ್ಪು ಗೆರೆಗಳಿರುವ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಸಣ್ಣ ಜಿರಳೆಯಾದರೆ ಅದು ಜರ್ಮನ್ ಜಿರಳೆ. ಅದು ಮನೆಯೊಳಗೇ, ನೀರು ಮತ್ತು ಬೆಚ್ಚಗಿನ ಜಾಗದ ಪಕ್ಕದಲ್ಲಿಯೇ ಸಂಸಾರ ಹೂಡುತ್ತದೆ. ಕೆಂಗಂದು ಬಣ್ಣದ, ಮೂರೂವರೆ ಸೆಂಟಿಮೀಟರ್ ಮೀರಿದ ದೊಡ್ಡ ಜಿರಳೆಯಾದರೆ ಅದರ ಬಿಡಾರ ಬಹುಮಟ್ಟಿಗೆ ಚರಂಡಿ ಮತ್ತು ಒಳಚರಂಡಿಯ ಗುಂಡಿಗಳಲ್ಲಿರುತ್ತದೆ. ಎರಡನೆಯದಕ್ಕೆ ಅಡುಗೆಮನೆಯಲ್ಲಿ ಎಷ್ಟು ಔಷಧಿ ಹೊಡೆದರೂ ಪ್ರಯೋಜನವಿಲ್ಲ, ಏಕೆಂದರೆ ನೀವು ಅದರ ದಾರಿಗೆ ಹೊಡೆಯುತ್ತಿದ್ದೀರಿ, ಮನೆಗಲ್ಲ. ಅಲ್ಲಿ ಕೊಳವೆಯ ಸುತ್ತಲಿನ ಸಂದನ್ನು ಮುಚ್ಚಿ, ನೀರು ಹೋಗುವ ರಂಧ್ರಕ್ಕೆ ಸಣ್ಣ ಕಣ್ಣಿನ ಜಾಲರಿ ಹಾಕುವುದೇ ಮುಖ್ಯ ಚಿಕಿತ್ಸೆ.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಮೊದಲನೆಯ ಬಗೆಯದೆಂದು ತೋರುತ್ತದೆ. ಹಾಗಿದ್ದರೆ ಮೂರು ಸ್ಪ್ರೇಗಳಲ್ಲಿ ಏನಾಯಿತೆಂದು ಊಹಿಸಬಹುದು. ಹೆಣ್ಣು ಜರ್ಮನ್ ಜಿರಳೆ ಮೂವತ್ತರಿಂದ ನಲವತ್ತು ಮೊಟ್ಟೆಗಳಿರುವ ಚೀಲವನ್ನು, ಮರಿಗಳು ಹೊರಬರುವ ಹೊತ್ತು ಹತ್ತಿರವಾಗುವವರೆಗೂ ತನ್ನ ಹಿಂಬದಿಗೆ ಕಚ್ಚಿಸಿಕೊಂಡು ಓಡಾಡುತ್ತದೆ. ಆ ಚೀಲದ ಗೋಡೆಯನ್ನು ದಾಟಿ ಮೊಟ್ಟೆಯನ್ನು ತಲುಪುವ ಶಕ್ತಿ ಬಹುಪಾಲು ಸ್ಪ್ರೇಗಳಿಗಿಲ್ಲ. ಜೊತೆಗೆ, ಮನೆಬಳಕೆಯ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ವರ್ಗದ ವಿಷಗಳು ಕೊಲ್ಲುವಷ್ಟೇ ಚದುರಿಸುತ್ತವೆ. ಸಾಯದೆ ಉಳಿದವು ಸಂದಿನಿಂದ ಸಂದಿಗೆ ಓಡಿ, ಇದುವರೆಗೆ ಜಿರಳೆಯೇ ಇಲ್ಲದ ಕೋಣೆಗಳನ್ನು ಸೇರಿಕೊಳ್ಳುತ್ತವೆ. ಮಲಗುವ ಕೋಣೆಗೆ ಅವು ಬಂದದ್ದು ಹೀಗೆಯೇ ಇರಬೇಕು.

ಈಗ ಮಾಡಬೇಕಾದದ್ದು ಇಷ್ಟು. ರಾತ್ರಿ ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಫ್ರಿಜ್ಜಿನ ಮೋಟಾರಿನ ಹಿಂದೆ, ಸಿಂಕಿನ ಕೆಳಗೆ, ಬಾಗಿಲಿನ ಕೀಲುಗಳ ಸಂದಿನಲ್ಲಿ, ಕಪಾಟಿನ ಮೂಲೆಗಳಲ್ಲಿ ಮೆಣಸಿನ ಪುಡಿ ಉದುರಿದಂತಹ ಕರಿ ಚುಕ್ಕೆಗಳಿದ್ದರೆ ಅದು ಅವುಗಳ ಹಿಕ್ಕೆ. ಅಲ್ಲೆಲ್ಲ ಅಂಟು ಬಲೆಗಳನ್ನು ಗೋಡೆಗೆ ತಾಗಿಸಿ ಇಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಬರೆದು, ಮೂರು ದಿನಗಳ ನಂತರ ಯಾವುದರಲ್ಲಿ ಎಷ್ಟು ಬಿದ್ದಿವೆಯೆಂದು ಎಣಿಸಿ. ಹೆಚ್ಚು ಬಿದ್ದ ಬಲೆಯ ಅಕ್ಕಪಕ್ಕದಲ್ಲಿಯೇ ಅವುಗಳ ಗೂಡಿರುತ್ತದೆ. ಆ ಸಂದುಗಳೊಳಗೆ ಮಾತ್ರ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಜೆಲ್ (ಜಿರಳೆಗೆಂದೇ ವಿಷ ಬೆರೆಸಿದ ಅಂಟಾದ ತುತ್ತು) ತೊಟ್ಟುಗಳನ್ನು ಹತ್ತಾರು ಕಡೆ ಇಡಿ. ಒಂದೇ ಕಡೆ ದೊಡ್ಡ ಉಂಡೆ ಇಡುವುದಕ್ಕಿಂತ ಇದು ಎಷ್ಟೋ ಪರಿಣಾಮಕಾರಿ. ಜೆಲ್ ತಿಂದ ಜಿರಳೆ ಗೂಡಿಗೆ ಮರಳಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಮೇಲೆ ಅದರ ಹತ್ತಿರ ಸ್ಪ್ರೇ ಹೊಡೆಯಲೇಬಾರದು, ಹೊಡೆದರೆ ಜಿರಳೆ ಆ ತುತ್ತಿನ ಬಳಿಗೆ ಬರುವುದಿಲ್ಲ. ಸೋರುವ ನಲ್ಲಿಯನ್ನು ಸರಿಪಡಿಸದೆ, ಎಂಜಲು ಪಾತ್ರೆಗಳನ್ನು ರಾತ್ರಿಯಿಡೀ ಬಿಟ್ಟು ಜೆಲ್ ಒಂದನ್ನೇ ನಂಬಿದರೆ ಅದು ಸೋಲುತ್ತದೆ. ಅಷ್ಟೊಂದು ಊಟ ಬೇರೆಡೆ ಸಿಗುವಾಗ ನಿಮ್ಮ ತೊಟ್ಟನ್ನು ಅದು ಮೂಸುವುದೇಕೆ?

ಅದೇ ಸದಸ್ಯರು: ಜೆಲ್ ಅನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಉತ್ತರ: ಒಣಗಿ ಗಟ್ಟಿಯಾದರೆ ಅಥವಾ ತಿಂದು ಮುಗಿದರೆ ಹೊಸದಾಗಿ ಇಡಿ. ವಾರಕ್ಕೊಮ್ಮೆ ಅಂಟು ಬಲೆಯ ಲೆಕ್ಕ ನೋಡುತ್ತಿರಿ. ಎರಡು ಮೂರು ವಾರಗಳಲ್ಲಿ ಸಂಖ್ಯೆ ಇಳಿಯದಿದ್ದರೆ ಬೇರೆ ಸಕ್ರಿಯ ಘಟಕದ (ಅಂದರೆ ಕೊಲ್ಲುವ ರಾಸಾಯನಿಕದ), ಬೇರೆ ರುಚಿಯ ಜೆಲ್ಲಿಗೆ ಹೋಗಿ. ಗ್ಲೂಕೋಸಿನ ಸಿಹಿಯನ್ನೇ ತಿರಸ್ಕರಿಸುವ ಜಿರಳೆ ತಳಿಗಳೂ ಇವೆ. ತಲೆಮಾರುಗಳ ಕಾಲ ಸಿಹಿ ತುತ್ತಿನಲ್ಲಿ ವಿಷ ಇಟ್ಟದ್ದಕ್ಕೆ ಅವು ಕೊಟ್ಟ ಉತ್ತರವದು.

ಪ್ರಶ್ನೆ: ಸೊಳ್ಳೆ ಮತ್ತು ನೊಣಗಳಿಗೆ ನಾನು ಬ್ರ್ಯಾಂಡ್ ಬದಲಾಯಿಸುತ್ತಲೇ ಇದ್ದೇನೆ. ಆದರೂ ಯಾವುದೂ ನಾಟುತ್ತಿಲ್ಲ. ಕೀಟಗಳು ನಿಜವಾಗಿಯೂ ಔಷಧಿಗೆ ಒಗ್ಗಿಕೊಳ್ಳುತ್ತವೆಯೆ?

ಉತ್ತರ: ಒಂದೊಂದು ಕೀಟವೂ ಒಗ್ಗಿಕೊಳ್ಳುವುದಿಲ್ಲ, ಕೀಟಗಳ ಸಂತತಿ ಒಗ್ಗಿಕೊಳ್ಳುತ್ತದೆ. ಸಾವಿರ ನೊಣಗಳಲ್ಲಿ ಹುಟ್ಟಿನಿಂದಲೇ ವಿಷವನ್ನು ತಡೆದುಕೊಳ್ಳುವ ನಾಲ್ಕಿದ್ದರೆ, ಸಿಂಪಡಣೆಯ ನಂತರ ಉಳಿಯುವುದು ಆ ನಾಲ್ಕೇ, ಮುಂದಿನ ಪೀಳಿಗೆ ಅವುಗಳ ಮಕ್ಕಳದು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಕೊಂಡ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಂತು. ಆ ಹೊತ್ತಿಗಾಗಲೇ ಡಿಡಿಟಿಗೆ ಜಗ್ಗದ ಮನೆನೊಣಗಳ ವರದಿಗಳು ಬಂದಿದ್ದವು.

ನಿಮ್ಮ ವಿಷಯದಲ್ಲಿ ತಪ್ಪಾಗಿರುವುದು ಬಾಟಲಿಯ ಮುಂಭಾಗವನ್ನು ಮಾತ್ರ ಓದಿರುವುದು. ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಸಕ್ರಿಯ ಘಟಕದ ಹೆಸರಿರುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಎಂದು ಮೂರು ಬಾಟಲಿಗಳ ಮೇಲೆ ಮೂರು ಹೆಸರುಗಳಿದ್ದರೂ ಅವು ಒಂದೇ ಕುಟುಂಬದವು, ಕೀಟದ ನರದಲ್ಲಿ ಒಂದೇ ಬಾಗಿಲನ್ನು ತಟ್ಟುತ್ತವೆ. ಆ ಬಾಗಿಲಿನ ಬೀಗ ಬದಲಾಗಿದ್ದರೆ ಮೂರೂ ಕೀಲಿಗಳು ವ್ಯರ್ಥ. ಬದಲಿಸಬೇಕಾದದ್ದು ಬ್ರ್ಯಾಂಡನ್ನಲ್ಲ, ವಿಷ ಕೆಲಸ ಮಾಡುವ ವಿಧಾನವನ್ನು. ಕೃಷಿ ಕೀಟನಾಶಕಗಳ ಮೇಲೆ ಇದಕ್ಕಾಗಿಯೇ ಹಲವೆಡೆ ಗುಂಪಿನ ಸಂಖ್ಯೆಯನ್ನು ಮುದ್ರಿಸುತ್ತಾರೆ. ಸೊಳ್ಳೆಯ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರು ಸೋಕಿ ಒಡೆದು ರೆಕ್ಕೆಯ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಿ ಪಾತ್ರೆಯ ಒಳಗೋಡೆಯನ್ನು ಉಜ್ಜಿದರೆ ಆ ಸರಪಳಿ ಕಡಿಯುತ್ತದೆ. ಉಜ್ಜುವುದನ್ನು ಮರೆಯಬೇಡಿ, ಗೋಡೆಗಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಪ್ರಶ್ನೆ: ಗುಲಾಬಿಯ ಚಿಗುರಿನ ತುಂಬ ಹಸಿರು ಹೇನು ಕೂತಿದೆ. ಅವುಗಳ ನಡುವೆ ಮೊಸಳೆಯಂತೆ ಉದ್ದವಾದ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆಗಳಿರುವ ಹುಳುಗಳೂ ಕಾಣಿಸುತ್ತಿವೆ. ಎರಡಕ್ಕೂ ಸೇರಿ ಯಾವ ಔಷಧಿ ಹೊಡೆಯಲಿ?

ಉತ್ತರ: ದಯವಿಟ್ಟು ಕೈ ತಡೆಯಿರಿ! ಆ ಮೊಸಳೆಯಂಥದ್ದು ಗುಲಗಂಜಿ ಹುಳುವಿನ ಮರಿ. ಕೋಶಾವಸ್ಥೆಗೆ ಹೋಗುವ ಮೊದಲು ಅದೊಂದೇ ನೂರಾರು ಹೇನುಗಳನ್ನು ತಿನ್ನುತ್ತದೆ. ಬೆಳೆದ ಗುಲಗಂಜಿ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ, ಅದರ ಮರಿಯನ್ನು ಮಾತ್ರ ಪೀಡೆಯೆಂದು ಕೊಲ್ಲುತ್ತಾರೆ. ಈ ಒಂದು ತಪ್ಪನ್ನು ನಾನು ಲೆಕ್ಕವಿಲ್ಲದಷ್ಟು ತೋಟಗಳಲ್ಲಿ ಕಂಡಿದ್ದೇನೆ.

ಒಂದು ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗವನ್ನೂ ನೋಡಿ. ಹೇನುಗಳ ನಡುವೆ ಕೆಲವು ಉಬ್ಬಿ, ಕಂಚಿನ ಬಣ್ಣಕ್ಕೆ ತಿರುಗಿ, ಅಲುಗಾಡದೆ ಅಂಟಿಕೊಂಡಿರಬಹುದು. ಅವುಗಳ ಬೆನ್ನಿನಲ್ಲಿ ದುಂಡನೆಯ ತೂತಿದ್ದರೆ, ಹೇನಿನೊಳಗೆ ಬೆಳೆದ ಸಣ್ಣ ಕಣಜವೊಂದು ಅಲ್ಲಿಂದ ಹೊರಬಿದ್ದಿದೆಯೆಂದು ಅರ್ಥ. ಇಂತಹ ಚಿಗುರಿನಲ್ಲಿ ನಿಮಗಾಗಿ ಬೇರೆಯವರು ಕೆಲಸ ಮಾಡುತ್ತಿದ್ದಾರೆ. ಈಗ ಎಲ್ಲವನ್ನೂ ಕೊಲ್ಲುವ ಔಷಧಿ ಹೊಡೆದರೆ ಹೇನೂ ಸಾಯುತ್ತದೆ, ಅದರ ಶತ್ರುವೂ ಸಾಯುತ್ತದೆ. ಆದರೆ ಗಂಡಿನ ನೆರವಿಲ್ಲದೆ ನೇರವಾಗಿ ಮರಿ ಹಾಕುವ ಹೇನು ಕೆಲವೇ ದಿನಗಳಲ್ಲಿ ಮರಳುತ್ತದೆ, ಶತ್ರು ಮರಳಲು ವಾರಗಳು ಬೇಕು. ಪೈರೆಥ್ರಾಯ್ಡ್ ಹೊಡೆದ ಗಿಡಗಳಲ್ಲಿ ಅದುವರೆಗೆ ಇಲ್ಲದ ಕೆಂಪು ನುಸಿ ಉಕ್ಕುವುದೂ ಬಹುಮಟ್ಟಿಗೆ ಈ ಕಾರಣದಿಂದ.

ನೀರಿನ ರಭಸಕ್ಕೆ ಹೇನುಗಳನ್ನು ತೊಳೆದುಬಿಡಿ. ಕೆಳಗೆ ಬಿದ್ದವುಗಳಲ್ಲಿ ಹೆಚ್ಚಿನವು ಗಿಡಕ್ಕೆ ಮರಳಿ ಏರಲಾರವು. ಕಾಂಡದ ಮೇಲೆ ಇರುವೆಗಳ ಸಾಲಿದ್ದರೆ ಅದನ್ನು ಮೊದಲು ತಡೆಯಿರಿ, ಏಕೆಂದರೆ ಹೇನು ಸುರಿಸುವ ಸಿಹಿರಸಕ್ಕಾಗಿ ಇರುವೆಗಳು ಅದರ ಶತ್ರುಗಳನ್ನು ಅಟ್ಟುತ್ತವೆ. ಅಷ್ಟಕ್ಕೂ ಬಗ್ಗದಿದ್ದರೆ ಕೀಟಗಳಿಗೆಂದೇ ತಯಾರಿಸಿದ ಸಾಬೂನು ದ್ರಾವಣವನ್ನು ಹೇನಿನ ಮೈಗೆ ತಾಗುವಂತೆ ಸಿಂಪಡಿಸಿ. ಒಣಗಿದ ಮೇಲೆ ಅದಕ್ಕೆ ಕೊಲ್ಲುವ ಗುಣವಿಲ್ಲ, ನಂತರ ಬರುವ ಗುಲಗಂಜಿ ಹುಳುವಿಗೆ ಅದೇ ರಕ್ಷಣೆ.

ಪ್ರಶ್ನೆ: ಹಾಗಾದರೆ ಎಷ್ಟು ಕೀಟ ಕಂಡಾಗ ಔಷಧಿ ಹೊಡೆಯಬೇಕು? ಒಂದು ಕಂಡರೂ ನನಗೆ ನಿದ್ದೆ ಬರುವುದಿಲ್ಲ.

ಉತ್ತರ: ಇದು ಈ ವಿದ್ಯೆಯ ನಡುಮಧ್ಯದ ಪ್ರಶ್ನೆ. 1959ರಲ್ಲಿ ಕ್ಯಾಲಿಫೋರ್ನಿಯಾದ ವರ್ನನ್ ಸ್ಟರ್ನ್ ಮತ್ತು ಮೂವರು ಸಹೋದ್ಯೋಗಿಗಳು ಇದಕ್ಕೊಂದು ಸ್ಪಷ್ಟ ರೂಪ ಕೊಟ್ಟರು. ಕೀಟ ಮಾಡುವ ಹಾನಿ ಅದನ್ನು ತಡೆಯುವ ವೆಚ್ಚಕ್ಕೆ ಸಮನಾಗುವ ಹಂತವೊಂದಿದೆ. ಆ ಹಂತ ಮುಟ್ಟುವ ತುಸು ಮೊದಲು ಕೈಹಾಕಬೇಕು, ಅದಕ್ಕೂ ಮೊದಲು ಹೊಡೆದರೆ ಖರ್ಚಿನ ಜೊತೆಗೆ ಪೀಡೆಯನ್ನು ತಿನ್ನುವ ಕೀಟಗಳ ನಾಶವೂ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಬೆಳೆಗೆ ಈ ಲೆಕ್ಕ ಸರಿ. ಮನೆಗೆ ಬಂದಾಗ ರೇಖೆ ಬದಲಾಗುತ್ತದೆ. ಗೋಡೆಯ ಮೇಲಿನ ಒಂದು ಇರುವೆಗೆ ಏನೂ ಬೇಡ, ಹಾಸಿಗೆಯ ಹೊಲಿಗೆಯಲ್ಲಿನ ಒಂದು ತಿಗಣೆಗೆ ಅಥವಾ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿದ ಗೆದ್ದಲಿಗೆ ಅಂದೇ ಏಳಬೇಕು. ನಿಮ್ಮ ನಿದ್ದೆ ಕೆಡಿಸುವ ಕೀಟ ಯಾವುದೆಂದು ತಿಳಿಸಿದರೆ ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.

ಪ್ರಶ್ನೆ: ಇಲಿ ಓಡಿಸುವ ಶ್ರವಣಾತೀತ (ಅಲ್ಟ್ರಾಸಾನಿಕ್) ತರಂಗದ ಯಂತ್ರ ಕೊಳ್ಳಬಹುದೆ?

ಉತ್ತರ: ಬೇಡ. ಆ ತರಂಗ ಗೋಡೆಯನ್ನಾಗಲಿ ಪೆಟ್ಟಿಗೆಯನ್ನಾಗಲಿ ದಾಟುವುದಿಲ್ಲ, ಇಲಿಗಳು ಅದಕ್ಕೆ ಬೇಗ ಹೊಂದಿಕೊಳ್ಳುತ್ತವೆ.

ಪ್ರಶ್ನೆ: ಮನೆಯಲ್ಲಿ ನಾಯಿಯಿದೆ, ಮಗುವಿದೆ. ಇಲಿಗೆ ಪಾಷಾಣ ಇಡಲು ಭಯ. ಬೇರೆ ದಾರಿಯಿದೆಯೆ?

ಉತ್ತರ: ನಿಮ್ಮ ಭಯ ಸರಿಯಾದದ್ದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣಗಳಲ್ಲಿ ಪರಿಣಾಮ ಕೆಲವು ದಿನಗಳ ನಂತರ ಕಾಣಿಸುವುದರಿಂದ, ನಾಯಿ ತಿಂದದ್ದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ವಿಟಮಿನ್ ಕೆ1 ಅದಕ್ಕೆ ಮದ್ದು ನಿಜ, ಆದರೆ ಅದನ್ನು ವೈದ್ಯರು ಕೊಡಬೇಕು, ಕೆಲವು ಸಲ ವಾರಗಟ್ಟಲೆ ಕೊಡಬೇಕು. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕು ಮತ್ತು ಗೂಬೆಗಳಿಗೂ ಅಪಾಯವಿದೆ. ಪಾಷಾಣ ಇಡಲೇಬೇಕಾದರೆ ಬೀಗವಿರುವ ಬೇಟ್ ಪೆಟ್ಟಿಗೆಯೊಳಗೆ ಮಾತ್ರ.

ಅದಕ್ಕಿಂತ ಮೊದಲು ಮನೆಯ ಹೊರಗೋಡೆಯನ್ನು ಒಂದು ಪೆನ್ಸಿಲ್ ಹಿಡಿದು ಸುತ್ತಿಬನ್ನಿ. ಪೆನ್ಸಿಲ್ ತೂರುವ ತೂತಿನಲ್ಲಿ ಸಣ್ಣ ಇಲಿ ತೂರುತ್ತದೆ. ಉಕ್ಕಿನ ನಾರನ್ನು ತುರುಕಿ ಮೇಲೆ ಸಿಮೆಂಟ್ ಹಚ್ಚಿ, ಬರಿಯ ಫೋಮ್ ತುಂಬಿದರೆ ಅವು ಕಡಿದು ಒಳಬರುತ್ತವೆ. ಒಳಗೆ ಉಳಿದವುಗಳಿಗೆ ಕತ್ತರಿ ಬೋನು ಸಾಕು. ಬೋನನ್ನು ಗೋಡೆಗೆ ಅಡ್ಡಲಾಗಿ, ತುತ್ತಿನ ತುದಿ ಗೋಡೆಗೆ ತಾಗುವಂತೆ, ಮಗು ಮತ್ತು ನಾಯಿಯ ಕೈಗೆಟುಕದ ಕಡೆ ಇಡಿ. ದೊಡ್ಡ ಇಲಿ ಹೊಸ ವಸ್ತುವನ್ನು ಅನುಮಾನಿಸುತ್ತದೆ. ಮೂರು ನಾಲ್ಕು ದಿನ ಸ್ಪ್ರಿಂಗ್ ಎಳೆಯದೆ ತುತ್ತನ್ನು ಮಾತ್ರ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಬೋನು ಹೂಡಿ.

ಪ್ರಶ್ನೆ: ಗಿಡಮೂಲಿಕೆಯಿಂದ ಮಾಡಿದ ಔಷಧಿಗೆ ಕೈಗವಸು ಬೇಡವೆಂದು ಅಂಗಡಿಯವರು ಹೇಳಿದರು. ನಿಜವೆ?

ಉತ್ತರ: ತಂಬಾಕಿನ ನಿಕೋಟಿನ್ ಕೂಡ ಗಿಡದ್ದೇ, ಅದು ಚರ್ಮದ ಮೂಲಕವೇ ಒಳಸೇರಿ ಮನುಷ್ಯನನ್ನು ಕೊಲ್ಲಬಲ್ಲ ವಿಷ. ಮೂಲ ಯಾವುದೆಂಬುದರಿಂದ ಸುರಕ್ಷತೆ ತೀರ್ಮಾನವಾಗುವುದಿಲ್ಲ. ಯಾವ ಜೀವಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದೂ ಮುಖ್ಯ: ನಾಯಿಯ ಚಿಗಟಕ್ಕೆ ಹಚ್ಚುವ ಪರ್ಮೆಥ್ರಿನ್ ನಾಯಿಗೆ ಸಹ್ಯ, ಅದೇ ಬೆಕ್ಕಿಗೆ ಪ್ರಾಣಾಂತಿಕ.

ಯಾವುದೇ ಔಷಧಿಯಾದರೂ ಅಪಾಯ ಅತಿ ಹೆಚ್ಚಿರುವುದು ಸಿಂಪಡಿಸುವಾಗಲ್ಲ, ಗಟ್ಟಿ ದ್ರಾವಣವನ್ನು ಅಳೆದು ಸುರಿಯುವ ಆ ಒಂದು ನಿಮಿಷದಲ್ಲಿ. ಬಟ್ಟೆ ಮತ್ತು ಚರ್ಮದ ಕೈಗವಸುಗಳು ವಿಷವನ್ನು ಹೀರಿಕೊಂಡು ಕೈಗೆ ಅಂಟಿಸಿಡುತ್ತವೆ, ಆದ್ದರಿಂದ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಧರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈಗವಸನ್ನು ತೊಟ್ಟಂತೆಯೇ ಸಾಬೂನಿನಲ್ಲಿ ತೊಳೆದು ನಂತರ ಕಳಚಿ. ಗಾಳಿ ಬೀಸುವಾಗಲೂ, ಹೂವಿನ ಮೇಲೆ ಜೇನ್ನೊಣಗಳಿರುವಾಗಲೂ ಸಿಂಪಡಿಸಬೇಡಿ. ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಬೆರೆಸಬೇಡಿ. ಸಿಂಪಡಣೆಯ ನಂತರ ಬೆವರು, ಬಾಯಲ್ಲಿ ನೀರೂರುವುದು, ವಾಂತಿ, ಕಣ್ಣಿನ ಪಾಪೆ ಕುಗ್ಗಿ ನೋಟ ಮಂಜಾಗುವುದು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆದು, ಔಷಧಿಯ ಲೇಬಲ್ಲಿನೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ನುಂಗಿದ್ದರೆ ವೈದ್ಯರು ಹೇಳದೆ ವಾಂತಿ ಮಾಡಿಸಬಾರದು.

ಅದೇ ಸದಸ್ಯರು: ಬೆರೆಸಿದ್ದು ಉಳಿದರೆ ನಾಳೆಗೆ ನೀರಿನ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದೆ?

ಉತ್ತರ: ಎಂದಿಗೂ ಬೇಡ. ಕುಡಿಯುವ ಬಾಟಲಿಯಲ್ಲಿಟ್ಟ ಔಷಧಿಯನ್ನು ಯಾರೋ ನೀರೆಂದು ಕುಡಿಯುವ ಅನಾಹುತ ಮತ್ತೆ ಮತ್ತೆ ಆಗುತ್ತಲೇ ಇದೆ. ಬೇಕಾದಷ್ಟೇ ಬೆರೆಸಿ, ಉಳಿದರೆ ಲೇಬಲ್ ಅನುಮತಿಸುವ ಜಾಗದಲ್ಲಿಯೇ ಸಿಂಪಡಿಸಿ ಮುಗಿಸಿ, ಚರಂಡಿಗೆ ಸುರಿಯಬೇಡಿ. ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು, ತೊಳೆದ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹಾಕಿ, ಮತ್ತೆ ಯಾರೂ ಬಳಸದಂತೆ ಡಬ್ಬಿಗೆ ತೂತು ಹೊಡೆಯಿರಿ.